ಇಪ್ಪತ್ತೊಂದನೆಯ ನಡೆ

ಚದುರಂಗದ ಹಾಸನ್ನು ಕೊನೆಯ ಸಲ ಇಡಿಯಾಗಿ ನೋಡಿದ್ದು ಯಾವತ್ತು ಎಂದು ಯಾರಾದರೂ ಕೇಳಿದ್ದರೆ ಚಂದ್ರಹಾಸ ಅಣ್ಣಿಗೇರಿಗೆ ಹೇಳಲು ಬರುತ್ತಿರಲಿಲ್ಲ. ಅಂಥದ್ದಕ್ಕೆಲ್ಲ ವಾರ ತಿಥಿ ಇರುವುದಿಲ್ಲ. ಕಣ್ಣಿನ ಒಳಪರದೆ ಅಂಚಿನಿಂದ ಒಣಗುತ್ತ ನಡುವಿಗೆ ಬರುವ ಕಾಯಿಲೆ ಅದು. ಮೂವತ್ತರ ವಯಸ್ಸಿನಲ್ಲೇ ಹುಬ್ಬಳ್ಳಿಯ ಡಾಕ್ಟರು ಅದರ ಉದ್ದನೆಯ ಹೆಸರನ್ನು ಚೀಟಿಯ ಮೇಲೆ ಬರೆದುಕೊಟ್ಟು, ‘ಅವಸರ ಮಾಡೂದಿಲ್ಲ ಇದು, ಆದ್ರ ನಿಲ್ಲೂದೂ ಇಲ್ಲ’ ಎಂದಿದ್ದರು. ಮೊದಲು ಮಬ್ಬು ಬೆಳಕಿನಲ್ಲಿ ಮೆಟ್ಟಿಲು ಕಾಣದಾಯಿತು. ಆಮೇಲೆ ಪಕ್ಕದಲ್ಲಿ ಬಂದು ನಿಂತವರು ಕಾಣದಾದರು. ಗದಗಿನಲ್ಲಿ ಬ್ಯಾಂಕಿಗೆ ಸೇರಿ, ಆಫೀಸರನಾಗಿ ಬಡ್ತಿ ಪಡೆದು, ವರ್ಗವಾಗಿ ವಿಶಾಖಪಟ್ಟಣದ ಗಾಜುವಾಕ ಶಾಖೆಗೆ ಬರುವ ಹೊತ್ತಿಗೆ ಅವನ ನೋಟ ಬಳೆಯೊಳಗಿಂದ ಇಣುಕಿದಷ್ಟಾಗಿತ್ತು. ನಲವತ್ತೇಳು ತುಂಬಿದಾಗ ಬಳೆ ಉಂಗುರವಾಗಿತ್ತು.

ಉಂಗುರದೊಳಗಿಂದ ನೋಡಿದರೆ ಹಾಸಿನ ಒಂದು ಮನೆ ಕಾಣುತ್ತದೆ. ತಲೆ ಸರಿಸಿದರೆ ಇನ್ನೊಂದು. ಹೀಗೆ ಅರವತ್ನಾಲ್ಕು ಮನೆಗಳನ್ನೂ ಒಂದೊಂದಾಗಿ ನೋಡಿ ಮುಗಿಸುವಷ್ಟರಲ್ಲಿ ಮೊದಲು ನೋಡಿದ್ದು ಕೈಜಾರಿರುತ್ತಿತ್ತು. ಚಿಕ್ಕಂದಿನಿಂದ ಆಡಿದ ಆಟ. ಬಿಡಲು ಮನಸ್ಸಿಲ್ಲ, ಆಡಲು ಹಾಸು ಸಿಗುತ್ತಿಲ್ಲ. ಮೂರನೆಯ ಮಹಡಿಯ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಬೆಳಗಿನ ಚಹಾ ಕುಡಿಯುತ್ತ, ಪರವಾಡದ ಔಷಧ ಕಾರ್ಖಾನೆಗಳ ಬಸ್ಸುಗಳು ಒಂದರ ಹಿಂದೊಂದು ಹೊರಡುವ ಸದ್ದು ಕೇಳುತ್ತ, ಅವನು ಕಣ್ಣುಮುಚ್ಚಿ ಹಾಸನ್ನು ನೆನಪಿನಲ್ಲಿ ಹರಡಲು ನೋಡುತ್ತಿದ್ದ. ಎಡಮೂಲೆಯ ಆನೆ ಕಾಣುವುದು, ಅದರ ಪಕ್ಕದ ಕುದುರೆ ಕಾಣುವುದು. ಅಲ್ಲಿಂದಾಚೆ ಬಟ್ಟೆ ಮಡಚಿದ ಹಾಗೆ ಹಾಸು ತನ್ನಷ್ಟಕ್ಕೆ ಮಡಚಿಕೊಳ್ಳುವುದು.

ಬ್ಯಾಂಕಿನಲ್ಲಿ ಅವನನ್ನು ಫೋನಿನಲ್ಲಿ ಗ್ರಾಹಕರ ದೂರು ಕೇಳುವ ಮೇಜಿಗೆ ಹಾಕಿದ್ದರು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರು ಸಿಕ್ಕಿತ್ತು. ಒಂದು ಕಿವಿಯಲ್ಲಿ ಗ್ರಾಹಕ, ಇನ್ನೊಂದು ಕಿವಿಯಲ್ಲಿ ಆ ಯಂತ್ರದ ದನಿ. ಕಣ್ಣಿಲ್ಲದವರ ಚದುರಂಗದ ಬಳಗವೊಂದಿದೆ ಎಂದು ಅವನಿಗೆ ತಿಳಿದದ್ದೂ ಒಬ್ಬ ಗ್ರಾಹಕನಿಂದಲೇ. ಆ ಬಳಗದ ಮೂಲಕ ಪರಿಚಯವಾದವರು ವಿಜಯವಾಡದ ರಮಾಕಾಂತ.

ರಮಾಕಾಂತರಿಗೆ ಅರವತ್ತಾರು. ಸರ್ಕಾರಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು, ಹುಟ್ಟುಕುರುಡರು. ಹುಟ್ಟಿದ್ದು ಆದೋನಿಯಲ್ಲಾದ್ದರಿಂದ ಕನ್ನಡ ಬರುತ್ತಿತ್ತು, ‘ಅಲ್ಲವೇ’ ಎನ್ನುವಲ್ಲಿ ‘ಕದಾ’ ಎನ್ನುವ ತೆಲುಗಿನ ಒಗ್ಗರಣೆಯೊಂದಿಗೆ. ದಿನಾ ಮಧ್ಯಾಹ್ನ ಎರಡಕ್ಕೆ, ಚಂದ್ರಹಾಸನ ಊಟದ ಬಿಡುವಿನಲ್ಲಿ, ಇಬ್ಬರೂ ಫೋನಿನಲ್ಲಿ ಆಡಲು ಶುರುಮಾಡಿದರು. ಇಬ್ಬರ ಹತ್ತಿರವೂ ಕಾಯಿಗಳನ್ನು ತೂತಿಗೆ ಸಿಕ್ಕಿಸುವ ಸಣ್ಣ ಮರದ ಹಲಗೆ. ಕಪ್ಪು ಮನೆಗಳು ಬಿಳಿಯವಕ್ಕಿಂತ ಕೂದಲೆಳೆಯಷ್ಟು ಎತ್ತರ. ಕಪ್ಪು ಕಾಯಿಗಳ ನೆತ್ತಿಯ ಮೇಲೆ ಒಂದು ಸಣ್ಣ ಮೊಳೆ. ಬೆರಳೇ ಬಣ್ಣ ತಿಳಿಯಬೇಕು.

ಹಾಸಿನ ಉದ್ದಸಾಲುಗಳಿಗೆ ಎ ಇಂದ ಎಚ್ ವರೆಗೆ ಅಕ್ಷರ, ಅಡ್ಡಸಾಲುಗಳಿಗೆ ಒಂದರಿಂದ ಎಂಟರವರೆಗೆ ಅಂಕಿ. ಫೋನಿನಲ್ಲಿ ಬಿ, ಡಿ, ಇ, ಜಿ ಎಲ್ಲ ಒಂದೇ ಥರ ಕೇಳಿಸುವುದರಿಂದ ಆ ಎಂಟು ಅಕ್ಷರಗಳಿಗೆ ಕುರುಡರ ಆಟದಲ್ಲಿ ಎಂಟು ಹೆಸರಿವೆ: ಆನಾ, ಬೆಲ್ಲಾ, ಸೀಸರ್, ಡೇವಿಡ್, ಈವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್. ಅವನ ಹೆಂಡತಿ ಅನುಸೂಯಾ ಇದನ್ನು ಮೊದಲ ಸಲ ಕೇಳಿದಾಗ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಿದ್ದಳು.

“ಬೆಲ್ಲಾ ಮೂರು ಅಂದ್ರಲ್ಲ, ಎದಕ್ಕರಿ? ಡಬ್ಬಿಯೊಳಗ ನಾಕು ಅಚ್ಚು ಅದಾವು.”

ರಮಾಕಾಂತರು ಆ ಕಡೆಯಿಂದ ಬಿದ್ದು ಬಿದ್ದು ನಕ್ಕಿದ್ದರು.

ಅವರು ಆಡುತ್ತಿದ್ದ ರೀತಿ ಚಂದ್ರಹಾಸನಿಗೆ ಸೋಜಿಗ. ಇವನು ನಡೆ ಹೇಳಿ ಮುಗಿಸುವ ಮೊದಲೇ ಅವರ ಉತ್ತರ ಬಂದಿರುತ್ತಿತ್ತು. ಒಂದು ದಿನ ಅವರೇ ಗದರಿದರು.

“ನೀನು ಇನ್ನೂ ನೋಡಕ್ಕೆ ಹೋಗ್ತೀಯಪ್ಪಾ. ಹಲಗೆ ಮೇಲೆ ಬಗ್ಗಿದಾಗ ನಿನ್ನ ಉಸಿರು ಫೋನಿಗೆ ತಾಗೋದು ನಂಗೆ ಕೇಳಿಸ್ತದೆ.”

“ಅಲ್ರೀ ರಮಾಕಾಂತ ಗಾರು, ನಿಮ್ಮ ತಲ್ಯಾಗ ಹಾಸು ಹೆಂಗೈತಿ? ಬಣ್ಣ ಇಲ್ಲ, ಚಿತ್ರ ಇಲ್ಲ...”

“ಚಿತ್ರ ಅಂದ್ರೆ ಏನು ಅಂತ ನಂಗೆ ಯಾರೂ ತೋರ್ಸಿಲ್ಲ ಕದಾ. ಯಾರು ಯಾರನ್ನ ಕಾಯ್ತಿದಾರೆ, ಯಾರು ಯಾರಿಗೆ ಹೊಂಚು ಹಾಕಿದಾರೆ, ಅದು ಗೊತ್ತೈತೆ. ಅಷ್ಟೇ.” ಮತ್ತೆ ಹೇಳಿದರು: “ನಿನ್ನ ಫೋನಿನಾಗೆ ಒಂದು ಯಂತ್ರ ಆಡ್ತದಲ್ಲ, ಅದು ನಮ್ಮಿಬ್ಬರನ್ನೂ ಚಿತ್ ಮಾಡ್ತದೆ. ಅದಕ್ಕೇನು ಕಣ್ಣೈತಾ? ಅದರ ಹೊಟ್ಟೇಲಿ ಹಾಸು ಹೆಂಗೈತೆ, ಅದನ್ನ ಕೇಳು ಹೋಗು.”

ಮಾತಿಗೆ ಅಂದ ಮಾತು. ಆದರೆ ಚಂದ್ರಹಾಸನ ತಲೆಯಲ್ಲಿ ಅದು ಮನೆ ಮಾಡಿತು. ಆ ದಿನ ಸಂಜೆ ಬಸ್ಸಿಳಿದು ಮನೆಗೆ ನಡೆಯುವಾಗ, ಬಿಳಿ ಕೋಲಿನಿಂದ ಕಾಲುದಾರಿಯ ಅಂಚು ತಟ್ಟುತ್ತ, ಆಟೋಗಳ ಗದ್ದಲದ ನಡುವೆ, ಅವನು ಅದನ್ನೇ ಯೋಚಿಸಿದ. ಕಣ್ಣಿಲ್ಲದ, ಬೆರಳಿಲ್ಲದ, ಎಂದೂ ಮರದ ಕಾಯಿ ಮುಟ್ಟಿರದ ಒಂದು ಜೀವ. ಅದರ ಪಾಲಿಗೆ ಕುದುರೆ ಅಂದರೆ ಏನು?

ಡಿಗ್ರಿಯಲ್ಲಿ ಗಣಿತ ಓದಿದ್ದ. ಗದಗಿನ ಸ್ಟೇಷನ್ ರಸ್ತೆಯ ಮಾಳಿಗೆಯೊಂದರಲ್ಲಿ ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೂ ಹೋಗಿದ್ದ. ಈಗ ಮಗಳು ಶ್ರಾವ್ಯಾ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಳು. ವಿಶಾಖಪಟ್ಟಣದಲ್ಲೇ ಬೆಳೆದವಳು, ಕನ್ನಡದ ವಾಕ್ಯ ಶುರುಮಾಡಿ ತೆಲುಗಿನಲ್ಲಿ ಮುಗಿಸುವವಳು. ಅವಳ ಹತ್ತಿರ ಕಂಪ್ಯೂಟರಿನ ಹೊಸ ಭಾಷೆಯೊಂದರ ಓನಾಮ ಕಲಿತು, ತನ್ನದೇ ಆದ ಒಂದು ಚದುರಂಗದ ಪ್ರೋಗ್ರಾಮು ಬರೆಯಲು ಕೂತ. ಯಂತ್ರ ಸಾಲು ಸಾಲಾಗಿ ಓದಿ ಹೇಳುವುದು, ಇವನು ತಿದ್ದುವುದು.

ಮೊದಲು ಅವನಿಗೆ ತೋಚಿದ್ದು ಎಲ್ಲರಿಗೂ ತೋಚುವಂಥದ್ದೇ. ಅರವತ್ನಾಲ್ಕು ಡಬ್ಬಿಗಳ ಒಂದು ಸಾಲು. ಹಾಸಿನ ಕೆಳಗಿನ ಎಡಮೂಲೆ ಸೊನ್ನೆಯ ಡಬ್ಬಿ, ಮೇಲಿನ ಬಲಮೂಲೆ ಅರವತ್ಮೂರನೆಯದು. ಡಬ್ಬಿಯೊಳಗೆ ಯಾವ ಕಾಯಿ ಇದೆಯೋ ಅದರ ಗುರುತು. ಕುದುರೆಗೆ ಹಾರುವುದೆಂದರೆ ತನ್ನ ಡಬ್ಬಿಯ ಸಂಖ್ಯೆಗೆ ಆರೋ ಹತ್ತೋ ಹದಿನೈದೋ ಹದಿನೇಳೋ ಕೂಡಿಸುವುದು ಅಥವಾ ಕಳೆಯುವುದು. ಸರಳ. ಆಟದ ಮೊಟ್ಟಮೊದಲಿಗೆ ಬಿಳಿಯ ಕಡೆಗೆ ಸಾಧ್ಯವಿರುವ ನಡೆಗಳೆಷ್ಟು ಎಂದು ಯಂತ್ರವನ್ನು ಕೇಳಿದ. ಇಪ್ಪತ್ತು ಎಂದು ಬರಬೇಕು. ಹದಿನಾರು ಕಾಲಾಳುಗಳವು, ನಾಲ್ಕು ಕುದುರೆಗಳವು.

“ಇಪ್ಪತ್ತೊಂದು,” ಎಂದಿತು ಯಂತ್ರ.

ಮತ್ತೆ ಕೇಳಿದ. ಇಪ್ಪತ್ತೊಂದು. ಎರಡು ದಿನ ತಲೆ ಕೆರೆದುಕೊಂಡ. ಮೂರನೆಯ ದಿನ ಎಲ್ಲ ನಡೆಗಳನ್ನೂ ಒಂದೊಂದಾಗಿ ಓದಿಸಿದಾಗ ಕಳ್ಳ ಸಿಕ್ಕಿಬಿದ್ದ: ಗುಸ್ತಾವ್ ಒಂದರಲ್ಲಿದ್ದ ಕುದುರೆ ಆನಾ ಮೂರಕ್ಕೆ! ಬಲತುದಿಯ ಹತ್ತಿರ ನಿಂತ ಕುದುರೆ ಬಲಕ್ಕೆ ಹಾರಿ, ಹಾಸಿನಾಚೆ ಹೋಗಿ, ಎಡತುದಿಯಲ್ಲಿ ಇಳಿದಿತ್ತು. ಆರಕ್ಕೆ ಹತ್ತು ಕೂಡಿಸಿದರೆ ಹದಿನಾರು. ಹದಿನಾರನೆಯ ಡಬ್ಬಿ ಆನಾ ಮೂರು. ಲೆಕ್ಕದಲ್ಲಿ ತಪ್ಪಿಲ್ಲ. ಸಾಲಾಗಿಟ್ಟ ಡಬ್ಬಿಗಳಿಗೆ ತಾವು ಒಂದು ಹಾಸು ಎಂಬುದೇ ಗೊತ್ತಿಲ್ಲ, ಅದಕ್ಕೊಂದು ತುದಿಯಿದೆ ಎಂಬುದೂ ಗೊತ್ತಿಲ್ಲ.

ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವನಿಗೊಂದು ಜೋಂಪು ಹತ್ತಿತು. ಕನಸಿನಲ್ಲಿ ಗಾಜುವಾಕದ ಹತ್ತಿರದ ಅಪ್ಪಿಕೊಂಡದ ಕಡಲ ದಂಡೆ. ಒಂದು ಬಿಳಿ ಕುದುರೆ ಮರಳಿನ ಮೇಲೆ ಸಾವಕಾಶವಾಗಿ ನಡೆದು ಬಂತು. ಎಡಬಲ ನೋಡದೆ ಪೂರ್ವಕ್ಕೆ ನೀರಿಗಿಳಿಯಿತು. ಮೊಣಕಾಲು ಮುಳುಗಿತು, ಬೆನ್ನು ಮುಳುಗಿತು, ಕಿವಿಗಳ ತುದಿಯೂ ಮುಳುಗಿತು. ಆಮೇಲೆ ಅದು ಕಾರವಾರದ ದಂಡೆಯಲ್ಲಿ ಅಲೆಗಳೊಳಗಿಂದ ಎದ್ದು ಬಂತು. ಒದ್ದೆ ಜೂಲು ಒದರಿತು. ಬಲೆ ಒಣಗಿಸುತ್ತಿದ್ದವರು ಯಾರೂ ಬೆರಗಾಗಲಿಲ್ಲ. ಒಬ್ಬಾಕೆ ಮಾತ್ರ ‘ಬಂತು ನೋಡು’ ಎಂದಳು, ದಿನಾ ಬರುವ ಬಸ್ಸಿನ ಬಗ್ಗೆ ಹೇಳಿದ ಹಾಗೆ. ಎಚ್ಚರವಾದ ಮೇಲೂ ಚಂದ್ರಹಾಸ ಬಹಳ ಹೊತ್ತು ಹಾಗೇ ಮಲಗಿದ್ದ. ಕನಸಿನಲ್ಲಿ ಅವನಿಗೆ ಕಡಲು ಈ ತುದಿಯಿಂದ ಆ ತುದಿಯವರೆಗೆ ಕಂಡಿತ್ತು.

ತಪ್ಪನ್ನು ತಿದ್ದುವ ಉಪಾಯ ಹಳೆಯ ಪ್ರೋಗ್ರಾಮುಗಳಲ್ಲಿ ಇತ್ತು. ಅರವತ್ನಾಲ್ಕರ ಬದಲು ನೂರಿಪ್ಪತ್ತು ಡಬ್ಬಿ ಇಡುವುದು. ಹಾಸಿನ ಸುತ್ತಲೂ ಬೇಲಿಯಂತೆ ಯಾರೂ ನಿಲ್ಲಬಾರದ ಐವತ್ತಾರು ಡಬ್ಬಿಗಳು. ಕುದುರೆ ಹಾರಿ ಅಲ್ಲಿ ಕಾಲಿಟ್ಟರೆ ‘ಇದು ಹೊರಗೆ’ ಎಂದು ಡಬ್ಬಿಯೇ ಹೇಳುತ್ತದೆ. ಇದು ಅವನಿಗೆ ಕೂಡಲೇ ಅರ್ಥವಾಯಿತು. ಅವನಿಗೂ ಮನೆಯೆಂದರೆ ಗೋಡೆಗಳೇ. ಅಂಗೈಗೆ ಗೋಡೆ ತಾಗಿದ ಮೇಲಷ್ಟೇ ಕೋಣೆ ಎಷ್ಟಿದೆ ಎಂದು ಗೊತ್ತಾಗುವುದು. ಬೇಲಿ ಹಾಕಿ ಕೇಳಿದ. ಇಪ್ಪತ್ತು. ಮೂರು ನಡೆಗಳ ಆಳಕ್ಕೆ ಎಷ್ಟು ಬಗೆ ಎಂದು ಕೇಳಿದ. ಎಂಟು ಸಾವಿರದ ಒಂಬೈನೂರ ಎರಡು. ಬಲ್ಲವರು ಹೇಳುವ ಸಂಖ್ಯೆಯೂ ಅದೇ.

“ಏನ್ ಎಣಸಾಕತ್ತೀರಿ?” ಎಂದು ಅನುಸೂಯಾ ಕೇಳಿದಳು.

“ಎಷ್ಟ್ ದಾರಿ ಅದಾವು ಅಂತ.”

“ಹೋಗೂ ದಾರಿ ಒಂದ ಅಲ್ಲೇನ್ರಿ ಕಡೀಕ. ಏಳ್ರಿ, ತಟ್ಟಿ ಹಾಕೀನಿ.”

ಆದರೆ ಯಂತ್ರದ ಆಟ ನಿಧಾನವಾಗಿತ್ತು. ಯಾಕೆಂದು ಹುಡುಕುತ್ತ ಹೋದವನಿಗೆ ಸಿಕ್ಕಿದ ಕಾರಣ ಅವನನ್ನು ಮಂಕುಗೊಳಿಸಿತು. ರಾಜನಿಗೆ ಅಪಾಯವಿದೆಯೇ ಎಂದು ತಿಳಿಯಲು ಅದು ಒಂದೊಂದೇ ಡಬ್ಬಿಯ ಬಾಗಿಲು ತಟ್ಟುತ್ತಿತ್ತು. ಇಲ್ಲಿ ಯಾರಿದ್ದೀರಿ? ಇಲ್ಲಿ? ಇಲ್ಲಿ? ತಾನು ಉಂಗುರದೊಳಗಿಂದ ನೋಡುವುದೂ ಹೀಗೆಯೇ. ಅಷ್ಟೆಲ್ಲ ತಿಂಗಳು ಕೂತು, ತನ್ನ ಕುರುಡನ್ನೇ ಯಂತ್ರಕ್ಕೂ ಕಲಿಸಿದ ಹಾಗಾಯಿತಲ್ಲ ಎನಿಸಿತು. ನಾಲ್ಕು ದಿನ ಅದನ್ನು ಮುಟ್ಟಲಿಲ್ಲ.

ಐದನೆಯ ದಿನ ಶ್ರಾವ್ಯಾ ತಾನಾಗಿ ಬಂದು ಪಕ್ಕದಲ್ಲಿ ಕೂತಳು. ಪರದೆಯ ಮೇಲಿದ್ದುದನ್ನು ಓದಿಕೊಂಡಳು.

“ಅಪ್ಪಾ, ಒಂದೊಂದ ಮನಿ ತಟ್ಟಿ ಯಾಕ ಕೇಳ್ತೀರಿ? ಕಂಪ್ಯೂಟರ್‌ಗೆ ಅರವತ್ನಾಕು ಬಿಟ್ ಒಂದ ಸಾರಿ ಹಿಡಿಯಾಕ ಬರ್ತೈತಿ ಕದಾ. ಹಾಸಿನಾಗೂ ಅಷ್ಟ ಮನಿ.”

“ಅಂದ್ರ?”

“ಬಿಟ್ ಅಂದ್ರ ದೀಪ ಅಂದ್ಕೊಳ್ರಿ. ಒಂದು ಅಂದ್ರ ಹತ್ತೈತಿ, ಸೊನ್ನಿ ಅಂದ್ರ ಆರೈತಿ. ಮನಿಗೊಂದು ದೀಪ. ಬಿಳಿ ಕಾಲಾಳು ಎಲ್ಲೆಲ್ಲಿ ಅದಾವ ಅಲ್ಲಷ್ಟ ದೀಪ ಹಚ್ಚಿದ್ರ ಒಂದು ನಂಬರ್ ಆತು. ಬಿಳಿ ಕುದುರಿಗೆ ಇನ್ನೊಂದು. ಅಟ್ಲಾ ಆರು ಥರದ ಕಾಯಿ, ಎರಡು ಬಣ್ಣ. ಹನ್ನೆರಡು ನಂಬರ್. ಅಂತೇ, ಅಷ್ಟ. ಅದೇ ಹಾಸು.”

“ಡಬ್ಬಿ?”

“ಡಬ್ಬಿ ಬ್ಯಾಡ.”

ಅವಳು ಕಾಲೇಜಿಗೆ ಹೋದ ಮೇಲೆ ಅವನು ಬಿಳಿ ಕಾಲಾಳುಗಳ ಸಂಖ್ಯೆಯನ್ನು ಮಾಡಿ, ದೀಪ ದೀಪವಾಗಿ ಓದು ಎಂದ. ಯಂತ್ರ ಮೇಲಿನ ಮೂಲೆಯಿಂದ ಓದತೊಡಗಿತು. ಸೊನ್ನೆ, ಸೊನ್ನೆ, ಸೊನ್ನೆ. ಎಂಟೆಂಟರ ಆರು ಸಾಲು ಕತ್ತಲೆ. ಆಮೇಲೆ ಒಂದು, ಒಂದು, ಒಂದು, ಎಂಟು ಸಲ. ಮತ್ತೆ ಎಂಟು ಸೊನ್ನೆ. ಒಂದು ಖಾಲಿ ಬೀದಿಯ ಕೊನೆಯಲ್ಲಿ ಯಾರೋ ಎಂಟು ಹಣತೆ ಸಾಲಾಗಿ ಇಟ್ಟುಹೋದಂತೆ ಅವನಿಗೆ ಕಂಡಿತು. ಇಡೀ ಸಾಲನ್ನು ಎಂಟು ಸ್ಥಾನ ಸರಿಸು ಎಂದ. ಒಂದೇ ಏಟಿಗೆ ಎಂಟೂ ಕಾಲಾಳುಗಳು ಒಂದೊಂದು ಹೆಜ್ಜೆ ಮುಂದೆ ಬಂದು ನಿಂತವು. ಬಿಳಿಯವರು ಹಾರಿ ತಲುಪಬಲ್ಲ ಮನೆಗಳ ಸಂಖ್ಯೆಯನ್ನೂ ಕಪ್ಪಿನವರು ನಿಂತ ಮನೆಗಳ ಸಂಖ್ಯೆಯನ್ನೂ ಒಂದರ ಮೇಲೊಂದು ಇಟ್ಟು, ಎರಡರಲ್ಲೂ ದೀಪವಿರುವ ಮನೆ ಯಾವುದು ಎಂದು ಕೇಳಿದರೆ ಯಾರು ಯಾರಿಗೆ ಹೊಂಚು ಹಾಕಿದ್ದಾರೆಂಬುದು ಗೊತ್ತಾಗುತ್ತಿತ್ತು. ಎಲ್ಲವೂ ಒಂದೇ ಉಸಿರಿಗೆ. ಕಣ್ಣೇ ಇಲ್ಲದ ಒಂದು ವಸ್ತು ಅರವತ್ನಾಲ್ಕು ಮನೆಗಳನ್ನೂ ಒಟ್ಟಿಗೇ ನೋಡುತ್ತಿತ್ತು.

ಅವನ ಕೆನ್ನೆ ಒದ್ದೆಯಾಗಿತ್ತು. ಅದನ್ನು ಒರೆಸಿಕೊಳ್ಳಲು ಹೋಗಲಿಲ್ಲ.

ಅಲ್ಲಿಂದ ಕೆಲವು ವಾರ ಅವನು ಹಗಲೂ ಕನಸಿನಲ್ಲಿದ್ದವನಂತೆ ತಿರುಗಿದ. ಬ್ಯಾಂಕಿಗೆ ಹೋಗುವ ಬಸ್ಸಿನಲ್ಲಿ ಕೂತು ಸೊನ್ನೆ ಒಂದುಗಳನ್ನು ತುಟಿಯಲ್ಲೇ ಹೇಳಿಕೊಳ್ಳುವನು. “ಜಪಾ ನಡದೈತಿ,” ಎಂದು ಅನುಸೂಯಾ ನಗುವಳು. ಪ್ರೋಗ್ರಾಮು ಚುರುಕಾಗಿ ಆಡತೊಡಗಿತು. ಆದರೆ ಒಂದು ದಿನ ಅದು ನಿಯಮ ತಪ್ಪಿ ಕೋಟೆ ಕಟ್ಟಿತು. ಕೋಟೆ ಕಟ್ಟುವುದೆಂದರೆ ರಾಜ ಆನೆಯ ಕಡೆಗೆ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕಕ್ಕೆ ಬರುವುದು. ಆಟದಲ್ಲಿ ಒಂದೇ ಸಲ, ಅದೂ ಆ ರಾಜ ಮತ್ತು ಆ ಆನೆ ಅಲ್ಲಿಯವರೆಗೆ ಜಾಗ ಬಿಟ್ಟು ಕದಲಿರದಿದ್ದರೆ ಮಾತ್ರ. ಇಲ್ಲಿ ರಾಜ ಹಿಂದೆಂದೋ ಒಂದು ಹೆಜ್ಜೆ ಆಚೆ ಹೋಗಿ ಮರಳಿ ಬಂದಿದ್ದ. ಹನ್ನೆರಡು ಸಂಖ್ಯೆಗಳಿಗೆ ಅದು ಹೇಗೆ ಗೊತ್ತಾಗಬೇಕು? ಅವುಗಳ ಪಾಲಿಗೆ ರಾಜ ತನ್ನ ಮನೆಯಲ್ಲೇ ಇದ್ದಾನೆ, ದೀಪ ಉರಿಯುತ್ತಿದೆ. ಎದ್ದು ಹೋಗಿ ಬಂದವನೂ ಕೂತಲ್ಲೇ ಕೂತವನೂ ನೋಟಕ್ಕೆ ಒಂದೇ. ಹಾಗಾಗಿ ಕದಲಿದವರ ನೆನಪನ್ನು ಇಟ್ಟುಕೊಳ್ಳಲು ಬಣ್ಣಕ್ಕೆ ಎರಡರಂತೆ ನಾಲ್ಕು ದೀಪ ಬೇರೆ ಇಡಬೇಕಾಯಿತು. ಈಗ ಯಾರ ಸರದಿ ಎಂಬುದಕ್ಕೆ ಇನ್ನೊಂದು.

ಮಧ್ಯಾಹ್ನದ ಆಟದಲ್ಲಿ ಅವನು ಹಲಗೆಯ ಮೇಲೆ ಬಗ್ಗುವುದು ಕಡಿಮೆಯಾಯಿತು. ರಮಾಕಾಂತರು ಅದನ್ನು ಉಸಿರಿನಿಂದಲೇ ಕಂಡುಕೊಂಡರು. “ಜನವರೀಲಿ ವಿಜಯವಾಡದಲ್ಲಿ ಟೂರ್ನಮೆಂಟ್ ಐತೆ,” ಎಂದರು. “ಮೂರು ದಿನ, ಆರು ಆಟ. ಬಾ.”

ಅನುಸೂಯಾಳೊಂದಿಗೆ ಅವನು ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದ. ಅನಕಾಪಲ್ಲಿಯಲ್ಲಿ ಗಾಡಿ ನಿಂತಾಗ ಅವಳು ಕಿಟಕಿಯಿಂದಲೇ ಒಂದು ಕಿಲೋ ಬೆಲ್ಲ ಕೊಂಡಳು, ರಮಾಕಾಂತರ ಮನೆಗೆ. ಗಾಡಿ ಹೊರಟಿತು. ಗಾಲಿಗಳ ತಾಳ, ಹೊಲದ ಮೇಲಿಂದ ಬರುವ ಬಿಸಿಲಿನ ವಾಸನೆ, ರಾಜಮಂಡ್ರಿಯ ಹತ್ತಿರ ಗೋದಾವರಿಯ ಸೇತುವೆಯ ಮೇಲೆ ಆ ತಾಳ ಟೊಳ್ಳಾಗಿ ಬಹಳ ಹೊತ್ತು ತೇಲಿದ್ದು. ಅವನು ನಿದ್ದೆಯಲ್ಲೂ ಇರಲಿಲ್ಲ, ಎಚ್ಚರದಲ್ಲೂ ಇರಲಿಲ್ಲ.

ಆಟ ನಡೆದದ್ದು ಗವರ್ನರ್‌ಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ. ನಲವತ್ತು ಜನ ಎದುರುಬದುರು ಕೂತು ತಗ್ಗಿದ ದನಿಯಲ್ಲಿ ನಡೆ ಹೇಳುವ ಸದ್ದು ಶಾಲೆಯಲ್ಲಿ ಮಗ್ಗಿ ಹೇಳಿದಂತೆ ಕೇಳುತ್ತಿತ್ತು. ರಮಾಕಾಂತರು ಬಾಗಿಲಲ್ಲೇ ಕಾಯುತ್ತಿದ್ದರು. ಅವನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಸವರಿ, “ಓ, ಇಷ್ಟು ಸಣ್ಣ ಕೈ!” ಎಂದರು. ಚಂದ್ರಹಾಸನ ಉಂಗುರದಲ್ಲಿ ಮೊದಲು ಅವರ ಬಿಳಿ ಮೀಸೆ ಬಂತು, ಆಮೇಲೆ ಒಂದು ಕಿವಿ, ಆಮೇಲೆ ಅಂಗಿಯ ಗುಂಡಿ. ಇವನ್ನೆಲ್ಲ ಕೂಡಿಸಿ ಒಂದು ಮುಖ ಮಾಡುವ ಗೋಜಿಗೆ ಅವನು ಹೋಗಲಿಲ್ಲ. ದನಿ ಸಾಕಾಗಿತ್ತು.

ಐದು ಆಟಗಳಲ್ಲಿ ಎರಡು ಗೆದ್ದ, ಎರಡು ಸೋತ, ಒಂದು ಸಮವಾಯಿತು. ಆರನೆಯ ಆಟಕ್ಕೆ ಎದುರಾಳಿಯಾಗಿ ಬಂದವರು ರಮಾಕಾಂತರೇ. ಎರಡು ವರ್ಷದಲ್ಲಿ ಒಂದು ಸಲವೂ ಅವರನ್ನು ಸೋಲಿಸಿರಲಿಲ್ಲ. ಚಂದ್ರಹಾಸ ಕನ್ನಡಕ ತೆಗೆದು ಜೇಬಿಗೆ ಹಾಕಿ, ಮೊದಲ ಸಲ, ಕಣ್ಣು ಪೂರ್ತಿ ಮುಚ್ಚಿಕೊಂಡು ಆಡಿದ.

ರಮಾಕಾಂತರದು ಬಿಳಿ. ಒಂಬತ್ತನೆಯ ನಡೆಯಲ್ಲಿ ಇವನ ಒಂಟೆ ಶಹ ಕೊಟ್ಟಾಗ ಅವರ ರಾಜ ಫೆಲಿಕ್ಸ್ ಒಂದಕ್ಕೆ ಸರಿಯಿತು. ಹದಿನಾಲ್ಕರಲ್ಲಿ ಮರಳಿ ಈವಾ ಒಂದಕ್ಕೆ, ತನ್ನ ಮನೆಗೆ ಬಂತು. ಹಾಸು ಚಂದ್ರಹಾಸನ ಮನಸ್ಸಿನಲ್ಲಿ ಹಣತೆ ಹಣತೆಯಾಗಿ ಉರಿಯುತ್ತಿತ್ತು, ಮಡಚಿಕೊಳ್ಳಲಿಲ್ಲ. ಹತ್ತೊಂಬತ್ತನೆಯ ನಡೆಗೆ ರಮಾಕಾಂತರು ನಿರಾಳವಾಗಿ, “ರಾಜನ ಕಡೆ ಕೋಟೆ,” ಎಂದರು.

ಚಂದ್ರಹಾಸನ ಕೈ ಹಲಗೆಯ ಮೇಲೆ ನಿಂತಿತು. ಮರೆತರೇ? ರಮಾಕಾಂತರು? ಮೂವತ್ತು ನಡೆಯ ಹಿಂದಿನದನ್ನೂ ಬಾಯಿಪಾಠ ಒಪ್ಪಿಸುವವರು. ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಸುಮ್ಮನಿದ್ದರೆ ತಾನು ಸೋಲಬಹುದು, ಅದೇನೂ ಹೊಸದಲ್ಲ. ಆದರೆ ಕಂಡೂ ಕಾಣದಂತೆ ಆಡಿದರೆ ಅವರನ್ನು ಮಗುವಿನಂತೆ ಕಂಡ ಹಾಗೆ. ಅದು ಅವರಿಗೆ ಗೊತ್ತಾದರೆ?

“ರಮಾಕಾಂತ ಗಾರು,” ಎಂದ ಮೆಲ್ಲಗೆ. “ನಿಮ್ಮ ರಾಜ ಒಮ್ಮೆ ಎದ್ದು ಹೋಗಿ ಬಂದಾನರಿ.”

ಆ ಕಡೆ ಕಾಯಿಗಳ ಮೇಲೆ ಬೆರಳು ಓಡಾಡುವ ಸದ್ದು. ತೀರ್ಪುಗಾರರು ಬಂದರು, ಪ್ರತಿ ಆಟಗಾರನೂ ತನ್ನ ನಡೆಗಳನ್ನು ಹೇಳಿಟ್ಟುಕೊಳ್ಳುವ ರೆಕಾರ್ಡರಿನಲ್ಲಿ ರಮಾಕಾಂತರದೇ ದನಿಯನ್ನು ಕೇಳಿಸಿದರು. ‘ಒಂಬತ್ತು. ರಾಜ, ಫೆಲಿಕ್ಸ್ ಒಂದು.’

“ಅವುನು, ಹೌದು. ನಂದೇ ತಪ್ಪು,” ಎಂದರು ರಮಾಕಾಂತರು. ದನಿ ಸಣ್ಣದಾಗಿತ್ತು.

ಅವರಿಗೆ ದಂಡವಾಗಿ ಚಂದ್ರಹಾಸನ ಗಡಿಯಾರಕ್ಕೆ ಎರಡು ನಿಮಿಷ ಸೇರಿತು. ನಿಯಮದಂತೆ ಅವರು ರಾಜನನ್ನೇ ನಡೆಸಬೇಕಾಯಿತು. ಅದು ಮತ್ತೆ ಫೆಲಿಕ್ಸ್ ಒಂದಕ್ಕೆ ಹೋಗಿ ಕೂತಿತು, ಮೂಲೆಯ ಆನೆ ಹೊರಬರಲಾಗದೆ ಸಿಕ್ಕಿಕೊಂಡಿತು. ನಲವತ್ತೊಂದನೆಯ ನಡೆಗೆ ರಮಾಕಾಂತರು ಕೈ ಚಾಚಿ ಸೋಲೊಪ್ಪಿದರು. ಇಷ್ಟು ದಿನ ಕಾದ ಗೆಲುವು ಬಾಯಲ್ಲಿಟ್ಟರೆ ರುಚಿಯೇ ಇರಲಿಲ್ಲ.

ಸಂಜೆ ಮೂವರೂ ಕೃಷ್ಣೆಯ ದಂಡೆಗೆ ಹೋದರು. ಬ್ಯಾರೇಜಿನ ಮೇಲೆ ವಾಹನಗಳು ಹರಿಯುವ ಸದ್ದು ದೂರದಿಂದ ಬರುತ್ತಿತ್ತು. ಅನುಸೂಯಾ ಜೋಳದ ತೆನೆ ತರಲು ಹೋದಾಗ ರಮಾಕಾಂತರು ಬಾಯಿ ಬಿಟ್ಟರು.

“ನಾಲ್ಕೈದು ತಿಂಗಳಿಂದ ಹಿಂಗಾಗ್ತಿದೆ ಚಂದ್ರಹಾಸ. ಹಳೇದು ನೆನಪೈತೆ, ಬೆಳಗಿನದು ಹೋಗ್ತದೆ. ಒಂದು ದಿನ ಚಹಾ ಎರಡು ಸಾರಿ ಮಾಡ್ದೆ. ಕಣ್ಣಿಲ್ಲ ಅಂತ ಎಂದೂ ಅತ್ತಿಲ್ಲ ನಾನು. ನಂಗೆ ಕಣ್ಣು ಅಂದ್ರೆ ಅದೇ ಕದಾ, ನೆನಪು.”

ಅಂಚಿನಿಂದ ಒಣಗುತ್ತ ಒಳಗೆ ಬರುವುದು ಏನೆಂದು ಚಂದ್ರಹಾಸನಿಗೆ ಗೊತ್ತಿತ್ತು. ಕತ್ತಲೆಯಲ್ಲಿ ತಡಕಿ ಅವರ ಕೈ ಹಿಡಿದುಕೊಂಡ.

“ಇವತ್ತು ಹೇಳಬಾರದಿತ್ತೇನ್ರಿ ನಾನು?”

“ಹೇಳದಿದ್ರೆ ನಿನ್ನ ಜೊತೆ ಮತ್ತೆ ಆಡ್ತಿರಲಿಲ್ಲ,” ಎಂದರು. ಆಮೇಲೆ, “ಆ ನಿನ್ನ ಯಂತ್ರ ಮರೀತದಾ?” ಎಂದು ಕೇಳಿದರು.

“ಇಲ್ಲರಿ.”

“ಅದನ್ನ ನಮ್ಮಿಬ್ಬರ ಮಧ್ಯೆ ಕೂರ್ಸು. ಆಡೋದು ಬೇಡ ಅದು. ಕೇಳಿದ್ರೆ ಮಾತ್ರ ಹೇಳ್ಲಿ.”

ಗಾಜುವಾಕಕ್ಕೆ ಮರಳಿದವನು ಎರಡು ತಿಂಗಳು ಅದೇ ಕೆಲಸದಲ್ಲಿ ಮುಳುಗಿದ. ಯಂತ್ರದ ಆಡುವ ಬುದ್ಧಿಯನ್ನೆಲ್ಲ ತೆಗೆದು ಬದಿಗಿಟ್ಟ. ಹಾಸನ್ನು ಹಿಡಿದುಕೊಳ್ಳುವ ಭಾಗವನ್ನಷ್ಟೇ ಉಳಿಸಿಕೊಂಡ. ಶ್ರಾವ್ಯಾ ಅದನ್ನು ಫೋನಿಗೆ ಹೊಂದಿಸಿ, ತನ್ನ ದನಿಯಲ್ಲೇ ಕಾಯಿಗಳ, ಮನೆಗಳ ಹೆಸರು ಹೇಳಿ ತುಂಬಿಸಿದಳು, ಕನ್ನಡದಲ್ಲೂ ತೆಲುಗಿನಲ್ಲೂ. ಯಾರ ಸರದಿ ಎಂದು ಕೇಳಿದರೆ ಹೇಳುವುದು. ನನ್ನ ರಾಜ ಕದಲಿದ್ದಾನಾ ಎಂದು ಕೇಳಿದರೆ ಹೇಳುವುದು. ಮಧ್ಯಾಹ್ನ ಎರಡಕ್ಕೆ ಮತ್ತೆ ಆಟ ಶುರುವಾಯಿತು, ಈಗ ಮೂರು ದನಿಗಳಲ್ಲಿ. ಕೆಲವು ದಿನ ರಮಾಕಾಂತರು ಒಂದು ಸಲವೂ ಕೇಳುತ್ತಿರಲಿಲ್ಲ. ಕೆಲವು ದಿನ ಐದಾರು ಸಲ ಕೇಳುತ್ತಿದ್ದರು. ಎಷ್ಟು ಸಲ ಎಂದು ಚಂದ್ರಹಾಸ ಎಣಿಸಲು ಹೋಗಲಿಲ್ಲ.

ಬೇಸಿಗೆಯಲ್ಲಿ ಅವನು ಅದಕ್ಕೆ ಇನ್ನೊಂದು ವಿದ್ಯೆ ಕಲಿಸಿದ. ಪ್ರತಿ ಕಾಯಿಗೆ ಪ್ರತಿ ಮನೆಯಲ್ಲಿ ಒಂದೊಂದು ಉದ್ದನೆಯ ಸಂಖ್ಯೆ, ಚೀಟಿ ಎತ್ತಿದಂತೆ ಆರಿಸಿದ್ದು. ಹಾಸಿನ ಮೇಲಿರುವವರ ಸಂಖ್ಯೆಗಳನ್ನೆಲ್ಲ ಬೆಸೆದರೆ ಆ ಸನ್ನಿವೇಶಕ್ಕೇ ಒಂದು ಹೆಸರು ಹುಟ್ಟುತ್ತದೆ. ಯಾವ ದಾರಿಯಿಂದ ಬಂದು ಅಲ್ಲಿ ಸೇರಿದರೂ ಹೆಸರು ಅದೇ. ಒಮ್ಮೆ ಮಾಡಿದ ಯೋಚನೆಯನ್ನೇ ಮತ್ತೆ ಮಾಡದಿರಲು ದೊಡ್ಡ ಪ್ರೋಗ್ರಾಮುಗಳು ಇದನ್ನು ಬಳಸುತ್ತವೆ. ಇವನು ತಮ್ಮಿಬ್ಬರ ಆಟಗಳಲ್ಲಿ ಬಂದ ಹೆಸರುಗಳನ್ನು ದಿನಾಂಕದೊಂದಿಗೆ ಸುಮ್ಮನೆ ಕೂಡಿಡುತ್ತ ಹೋದ.

ಆಗಸ್ಟಿನ ಒಂದು ಮಧ್ಯಾಹ್ನ, ಹದಿನೇಳನೆಯ ನಡೆಯಲ್ಲಿ, ಯಾರೂ ಕೇಳದೆಯೇ ಯಂತ್ರ ಶ್ರಾವ್ಯಾಳ ದನಿಯಲ್ಲಿ ಮಾತಾಡಿತು: “ಈ ಹಾಸು ಹಿಂದೆ ಒಮ್ಮೆ ಬಂದಿದೆ. ಮೇ ಇಪ್ಪತ್ತೆರಡು.”

ಚಂದ್ರಹಾಸ ಬ್ಯಾಂಕಿನ ಹಿಂದಿನ ಕೋಣೆಯಲ್ಲಿ ಊಟದ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟ.

“ನಾವು ಬೇರೆ ದಾರೀಲಿ ಬಂದ್ವಿ ಕದಾ ಇವತ್ತು?” ಎಂದರು ರಮಾಕಾಂತರು.

“ಬ್ಯಾರೇ ದಾರಿರಿ. ಅವತ್ತು ನೀವು ಮಂತ್ರಿ ಮುಂದಿನ ಕಾಲಾಳಿಂದ ಶುರು ಮಾಡಿದ್ರಿ.”

“ನಂಗೆ ನೆನಪಿಲ್ಲ.” ಅದರಲ್ಲಿ ದುಃಖವಿರಲಿಲ್ಲ, ಯಾರೋ ಹೇಳಿದ ಕಥೆಯನ್ನು ಕೇಳುತ್ತಿರುವ ಕುತೂಹಲವಿತ್ತು. “ಅವತ್ತು ಯಾರು ಗೆದ್ರು?”

ಚಂದ್ರಹಾಸ ಯಂತ್ರವನ್ನು ಕೇಳಿ ತಿಳಿದುಕೊಂಡು ನಕ್ಕ. “ಯಾರೂ ಇಲ್ಲರಿ. ನನ್ನ ಊಟದ ಟೈಮ್ ಮುಗದಿತ್ತು.”

“ಅವತ್ತು ನಾನೇನು ಆಡಿದ್ದೆ ಇಲ್ಲಿ? ಬೇಡ, ಹೇಳಬೇಡ,” ಎಂದರು ರಮಾಕಾಂತರು. ಫೋನಿನಲ್ಲಿ ಅವರ ಬೆರಳು ಕಾಯಿಗಳ ನೆತ್ತಿಯನ್ನು ಸವರುತ್ತ ಹೋಗುವುದು ಕೇಳಿಸಿತು, ಆನಾ ಸಾಲಿನಿಂದ ಹೆಕ್ಟರ್ ಸಾಲಿನವರೆಗೆ, ಆತುರವಿಲ್ಲದೆ. ಆಮೇಲೆ ಒಂದು ಕಾಯಿಯನ್ನು ತೂತಿನಿಂದ ಕಿತ್ತ ಸಣ್ಣ ಸದ್ದು.

“ಕುದುರೆ,” ಎಂದರು. “ಡೇವಿಡ್ ಐದು.”